ಅವರ ಜಗಳ ಮುಗಿಯುವವರೆಗೆ ನನ್ನ ಹೆಂಡತಿ ಮಾತಾಡಬಾರದೇ?

ಟಿ.ವಿ. ಪ್ರಸಾರದ ನಿಯಮಗಳನ್ನು ಕಾಯುವ ಮಾನ್ಯ ಅಧ್ಯಕ್ಷರೇ,

ನನ್ನ ಮನೆಯಲ್ಲಿ ಕನ್ನಡ ಎರಡು ತಿಂಗಳಲ್ಲಿ ಎರಡು ಬಾರಿ ಬಂದ್ ಆಯಿತು. ಎರಡು ಬಾರಿಯೂ ಕಾರಣ ಒಂದೇ: ಡಿಶ್ ಕಂಪನಿಗೂ ಚಾನೆಲ್ ಮಾಲೀಕರಿಗೂ ಜಗಳ. ಅದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ವಿಚಾರಿಸಲು ತಮ್ಮ ಬಳಿ ಸಮಿತಿಗಳಿವೆ, ಉಪಸಮಿತಿಗಳಿವೆ, ಅವು ಸೇರಲು ಹವಾನಿಯಂತ್ರಿತ ಕೋಣೆಗಳಿವೆ. ಜಗಳ ನಡೆಯುತ್ತಿರುವಾಗ ಚಿತ್ರ ನಿಲ್ಲಿಸುವ ಹಕ್ಕನ್ನು ಅವರಿಗೆ ಕೊಟ್ಟವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ನಾಶಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಫಿಟ್ಟರ್. ನನ್ನ ಹೆಂಡತಿ ವಿಜಯಶ್ರೀ ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಕಾಲೋನಿಯ ಹೆಂಗಸರ ಜೊತೆ ನನಗಿಂತ ಚೆನ್ನಾಗಿ ಮರಾಠಿ ಮಾತಾಡುತ್ತಿದ್ದಳು. ಮಗಳು ಪ್ರಾಚಿ ಹುಟ್ಟಿ ಬೆಳೆದದ್ದು ಇಲ್ಲೇ. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಬರುವುದು ಮರಾಠಿ.

ಕಳೆದ ಆಗಸ್ಟ್‌ನಲ್ಲಿ ವಿಜಯಶ್ರೀಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ಬಲಗಡೆಯ ದೃಷ್ಟಿ ಮಸುಕಾಯಿತು, ಮಾತು ಪೂರ್ತಿ ಹೋಯಿತು. ನಾಶಿಕ್‌ನಲ್ಲಿ ಮಾತಿನ ಅಭ್ಯಾಸ ಮಾಡಿಸುವ ಕಮಲಾಬಾಯಿ ಎಂಬ ಹಿರಿಯರಿದ್ದಾರೆ, ಮರಾಠಿಯವರು. ಎರಡು ತಿಂಗಳು ಅವಳ ಜೊತೆ ಕುಳಿತು, ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಮರಾಠಿ, ಹಿಂದಿ ಇವರನ್ನು ಮುಟ್ಟುತ್ತಿಲ್ಲ, ತಾಯಿನುಡಿ ಎಲ್ಲೋ ಒಳಗೆ ಉಳಿದಿರಬಹುದು, ನನಗೆ ಕನ್ನಡ ಬರುವುದಿಲ್ಲ, ದಿನವೂ ಒಂದೇ ಹೊತ್ತಿಗೆ ಅದು ಕಿವಿಗೆ ಬೀಳುವಂತೆ ಮಾಡಿ. ನನಗೆ ಕಾರ್ಖಾನೆಯ ಪಾಳಿ. ಮನೆಯಲ್ಲಿ ಹಗಲಿಗೆ ಕನ್ನಡ ಮಾತಾಡುವವರು ಯಾರು? ಟಿ.ವಿ. ಒಂದೇ.

ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಕನ್ನಡ ಚಾನೆಲ್‌ನಲ್ಲಿ ಅಡುಗೆಯ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಬರುವ ಹೆಣ್ಣುಮಗಳು ಪ್ರತಿಯೊಂದು ಸಾಮಾನನ್ನೂ ಕೈಯಲ್ಲಿ ಎತ್ತಿ ತೋರಿಸಿ ಅದರ ಹೆಸರು ಹೇಳುತ್ತಿದ್ದಳು. ಡಿಸೆಂಬರ್‌ನ ಒಂದು ಭಾನುವಾರ ನಾನೂ ಮನೆಯಲ್ಲಿದ್ದೆ. ಆಕೆ ಒಂದು ಗಡ್ಡೆ ಎತ್ತಿ ತೋರಿಸಿ ಈರುಳ್ಳಿ ಎಂದಳು. ನನ್ನ ಹೆಂಡತಿ ತಲೆ ಅಲ್ಲಾಡಿಸಿ, ನಿಧಾನವಾಗಿ, “ಉಳ್ಳಾಗಡ್ಡಿ” ಅಂದಳು.

ನಾಲ್ಕು ತಿಂಗಳ ನಂತರದ ಮೊದಲ ಮಾತು, ಅದೂ ತಕರಾರು. ಪ್ರಾಚಿ ಅಡುಗೆಮನೆಯಿಂದ ಓಡಿಬಂದಳು. ಅಲ್ಲಿಂದ ಮುಂದೆ ದಿನಕ್ಕೊಂದು, ಎರಡು ಮಾತು ಬರತೊಡಗಿದವು. ಜನವರಿಯ ಕೊನೆಗೆ ಭಾಲ್ಕಿಯಲ್ಲಿರುವ ತನ್ನ ಅಕ್ಕ ರುಕ್ಮಿಣಿಬಾಯಿಗೆ ಫೋನಿನಲ್ಲಿ “ಊಟ ಆಯ್ತೇನಕ್ಕಾ” ಎಂದು ತಾನೇ ಕೇಳಿದಳು.

ಫೆಬ್ರುವರಿಯಲ್ಲಿ ಪರದೆಯ ಕೆಳಗೆ ಪಟ್ಟಿ ಓಡಲು ಶುರುವಾಯಿತು. ನಿಮ್ಮ ಡಿಶ್ ಕಂಪನಿ ನಮ್ಮನ್ನು ತೆಗೆದುಹಾಕುತ್ತಿದೆ, ಕೂಡಲೇ ಬೇರೆ ಕಂಪನಿಗೆ ಬನ್ನಿ ಎಂದು ಚಾನೆಲ್‌ನವರು. ಚಾನೆಲ್‌ನವರದು ದುರಾಸೆ, ನಿಮ್ಮ ಹಿತಕ್ಕಾಗಿಯೇ ನಾವು ಹೋರಾಡುತ್ತಿದ್ದೇವೆ ಎಂದು ಡಿಶ್‌ನವರು. ನಮ್ಮ ಹಿತ ಕಾಯಲು ಎಷ್ಟೊಂದು ಜನ ನೋಡಿ. ಒಂದು ಸೋಮವಾರ ಮಧ್ಯಾಹ್ನ ಅಡುಗೆಯವಳ ಜಾಗದಲ್ಲಿ ಬರೀ ನೀಲಿ ಪರದೆ ಬಂತು, ಅದರ ಮೇಲೆ ಹಿಂದಿಯಲ್ಲಿ ಎರಡು ಸಾಲು.

ಅಂದು ನನಗೆ ಎರಡನೇ ಪಾಳಿ, ಹೊರಡುವ ಸಿದ್ಧತೆಯಲ್ಲಿದ್ದೆ. ವಿಜಯಶ್ರೀ ಪರದೆಯನ್ನೇ ನೋಡಿದಳು. ಆಮೇಲೆ ಎಡಗೈಯಿಂದ ತನ್ನ ತಲೆ ಮುಟ್ಟಿಕೊಂಡು “ಮತ್ತ ಹೋತ್ರಿ” ಅಂದಳು.

ಹೋದದ್ದು ಚಾನೆಲ್ ಎಂದು ಅವಳಿಗೆ ತಿಳಿಯಲಿಲ್ಲ. ತನ್ನ ತಲೆಯೊಳಗಿನದೇ ಇನ್ನೊಮ್ಮೆ ಹೋಯಿತು ಎಂದುಕೊಂಡಳು. ಕಂಪನಿಯವರ ಜಗಳ, ನಿನ್ನದೇನೂ ಆಗಿಲ್ಲ ಎಂದು ಪಕ್ಕದಲ್ಲಿ ಕುಳಿತು ಎಷ್ಟೋ ಸಲ ಹೇಳಿದೆ. ಅಂದು ಕೆಲಸಕ್ಕೆ ಹೋಗಲಿಲ್ಲ. ಅವಳು ನಂಬಲೂ ಇಲ್ಲ. ಮಾನ್ಯರೇ, ತಮ್ಮ ನಿಯಮಗಳ ಯಾವ ಪುಟದಲ್ಲಿ ಇದಕ್ಕೆ ಜಾಗವಿದೆ?

ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಹಿಂದಿಯಲ್ಲಿ, ಬಹಳ ವಿನಯದಿಂದ, ನೀವು ಇರುವುದು ಮಹಾರಾಷ್ಟ್ರದಲ್ಲಿ, ಕನ್ನಡ ಚಾನೆಲ್ ನಿಮಗೇಕೆ ಸರ್, ಹನ್ನೊಂದು ಮರಾಠಿ ಚಾನೆಲ್ ಕೊಡುತ್ತೇವೆ ಎಂದಳು. ತಮ್ಮ ಕಚೇರಿಗೂ ದೂರು ಬರೆದೆ. ನಿಮ್ಮ ದೂರನ್ನು ಸಂಬಂಧಪಟ್ಟ ಕಂಪನಿಗೆ ಕಳಿಸಲಾಗಿದೆ ಎಂದು ಉತ್ತರ ಬಂತು. ಬಾಗಿಲು ಮುಚ್ಚಿದವನ ಕೈಗೇ ನನ್ನ ಅರ್ಜಿಯನ್ನು ಕೊಟ್ಟ ತಮ್ಮ ಕಾರ್ಯದಕ್ಷತೆಗೆ ನಾನು ಋಣಿ. ಮೊಬೈಲಿನಲ್ಲಿ ನೋಡಬಹುದಲ್ಲ ಎಂದು ತಾವು ಕೇಳಬಹುದು. ತೋರಿಸಿದೆವು. ಅಂಗೈಯಗಲದ ಚಿತ್ರ ಅವಳ ಕಣ್ಣಿಗೆ ಹಿಡಿಯುವುದಿಲ್ಲ, ಪಕ್ಕಕ್ಕೆ ತಳ್ಳಿದಳು.

ಛತ್ರಪತಿ ಸಂಭಾಜಿನಗರದಲ್ಲಿ ಅವಳ ಚಿಕ್ಕಪ್ಪನ ಮಗ ಬಸವಕುಮಾರನ ಬಟ್ಟೆ ಅಂಗಡಿ ಇದೆ. ಅವನ ಮನೆಯಲ್ಲಿ ಇನ್ನೊಂದು ಕಂಪನಿಯ ಡಿಶ್, ಅದರಲ್ಲಿ ಈ ಚಾನೆಲ್ ಬರುತ್ತಿತ್ತು. ಡಿಶ್ ಬದಲಿಸಿದರೆ ಮಾತು ಮರಳುತ್ತದೆಯೇ ಎಂದು ಮೊದಲು ನೋಡಲು ರಜೆ ಹಾಕಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅವಳನ್ನು ಅಲ್ಲಿಗೆ ಕರೆದೊಯ್ದೆ. ನಾಲ್ಕು ತಾಸಿನ ದಾರಿ. ಒಂದು ಟಿ.ವಿ. ಕಾರ್ಯಕ್ರಮಕ್ಕಾಗಿ ರೋಗಿಯನ್ನು ಹೀಗೆ ಹೊತ್ತು ತಂದವನನ್ನು ನೋಡಿ ಬಸವಕುಮಾರನ ಹೆಂಡತಿ ಲತಾಗೆ ನಗು ಬಂದಿರಬೇಕು. ಮೂರನೇ ದಿನ ವಿಜಯಶ್ರೀ ಅವಳನ್ನು ಹೆಸರು ಹಿಡಿದು ಕರೆದು ನೀರು ಕೇಳಿದಳು. ಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಂಟು ದಿನ ಇದ್ದು ಓಝರ್‌ಗೆ ಮರಳಿದೆವು. ಬಂದವನೇ ಹಳೆಯ ಕಂಪನಿಯ ಡಿಶ್ ಕಿತ್ತು, ಬಸವಕುಮಾರನ ಮನೆಯಲ್ಲಿದ್ದ ಕಂಪನಿಯದನ್ನೇ ಹಾಕಿಸಿದೆ. ಹಾಕಲು ಬಂದ ಅಮರ ಎಂಬಾತ ಮಾಳಿಗೆಯಿಂದ ಇಳಿದು, ಈ ಚಾನೆಲ್ ನಮ್ಮಲ್ಲಿ ಎಂದೂ ಹೋಗುವುದಿಲ್ಲ ಕಾಕಾ, ಬರೆದಿಟ್ಟುಕೊಳ್ಳಿ ಎಂದು ಮರಾಠಿಯಲ್ಲಿ ಧೈರ್ಯ ಹೇಳಿದ. ಅವನ ತಪ್ಪೇನೂ ಇಲ್ಲ, ಅವನಿಗೆ ಕಂಪನಿ ಹೇಳಿದ್ದನ್ನೇ ಅವನು ಹೇಳಿದ.

ನಾಲ್ಕು ದಿನ ಚಿತ್ರ ಬಂತು. ಐದನೇ ದಿನ ಆ ಕಂಪನಿಯ ಒಪ್ಪಂದವೂ ಮುಗಿಯಿತು, ಅಲ್ಲೂ ಜಗಳ, ಮತ್ತೆ ಖಾಲಿ ಪರದೆ. ಅದೇ ವಾರ ನಾನು ಬಿಟ್ಟುಬಂದ ಕಂಪನಿಯಿಂದ ಮೆಸೇಜು: ಮಾತುಕತೆ ಮುಗಿದಿದೆ, ನಿಮ್ಮ ಮೆಚ್ಚಿನ ಚಾನೆಲ್ ಈಗ ನಮ್ಮಲ್ಲಿ ಮಾತ್ರ, ಮರಳಿ ಬನ್ನಿ. ಮರಳಿ ಹೋದೆ. ಇನ್ನೇನು ಮಾಡಬೇಕಿತ್ತು? ಅವರು ಬಂದು ಮತ್ತೆ ಡಿಶ್ ಕೂರಿಸುವ ಹೊತ್ತಿಗೆ ಏಪ್ರಿಲ್ ಬಂತು.

ಈಗ ಚಾನೆಲ್ ಬರುತ್ತಿದೆ. ಹನ್ನೆರಡೂವರೆಗೆ ಸರಿಯಾಗಿ ಪ್ರಾಚಿ ಟಿ.ವಿ. ಹಚ್ಚುತ್ತಾಳೆ. ವಿಜಯಶ್ರೀ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ಎರಡನೆಯ ಸಲ ಪರದೆ ಖಾಲಿಯಾದ ದಿನದಿಂದ ಒಂದು ಮಾತೂ ಇಲ್ಲ. ಹೋದ ವಾರ ಅಕ್ಕ ಫೋನಿನಲ್ಲಿ “ವಿಜೂ, ಒಂದ್ ಸಲ ಅಕ್ಕಾ ಅನ್ನವ್ವ” ಎಂದು ಎಷ್ಟು ಕರೆದರೂ ತುಟಿ ಅಲುಗಲಿಲ್ಲ. ಇದಕ್ಕೆ ಟಿ.ವಿ.ಯೇ ಕಾರಣವೇ ಎಂದು ಕಮಲಾಬಾಯಿಯವರನ್ನು ಕೇಳಿದೆ. ಖಚಿತವಾಗಿ ಹೇಳಲಾರೆ, ಆದರೆ ಬೆದರಿದವರು ಮಾತು ಬಿಡುತ್ತಾರೆ ಎಂದರು. ಸುಳ್ಳು ಆರೋಪ ಹೊರಿಸಬಾರದೆಂದು ಇದನ್ನೂ ಬರೆಯುತ್ತಿದ್ದೇನೆ.

ಮಾನ್ಯರೇ, ನನಗೆ ಪರಿಹಾರ ಬೇಡ, ಕ್ಷಮಾಪಣೆ ಬೇಡ. ಒಂದೇ ಒಂದು ಆದೇಶ ಬೇಕು: ಜಗಳ ಎಷ್ಟು ವರ್ಷವಾದರೂ ನಡೆಯಲಿ, ಅದು ಇತ್ಯರ್ಥವಾಗುವವರೆಗೆ ಯಾವ ಕಂಪನಿಯೂ, ಯಾವ ಚಾನೆಲ್ಲೂ ನೋಡುವವರ ಮನೆಯ ಚಿತ್ರ ನಿಲ್ಲಿಸಕೂಡದು. ಆ ಮನೆ ಯಾವ ರಾಜ್ಯದಲ್ಲಿದೆ, ಅಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಕೇಳಕೂಡದು. ಚಾನೆಲ್ ಇನ್ನೊಮ್ಮೆ ಹೋಗುವುದಿಲ್ಲ ಎಂದು ಅವಳ ಪಕ್ಕದಲ್ಲಿ ಕುಳಿತು ನಾನು ಧೈರ್ಯವಾಗಿ ಹೇಳುವಂತಾಗಬೇಕು. ಇಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ.

ತಮ್ಮ ಉಪಸಮಿತಿ ಮುಂದಿನ ಸಲ ಸೇರುವುದು ಸೆಪ್ಟೆಂಬರ್‌ನಲ್ಲಿ ಎಂದು ಪತ್ರಿಕೆಯಲ್ಲಿ ಓದಿದೆ. ಪಾರ್ಶ್ವವಾಯುವಾದ ಮೊದಲ ವರ್ಷದಲ್ಲಿ ಎಷ್ಟು ಮಾತು ಮರಳುತ್ತದೋ ಹೆಚ್ಚುಕಡಿಮೆ ಅಷ್ಟೇ, ಆಮೇಲೆ ಬಹಳ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಹೆಂಡತಿಯ ವರ್ಷ ಆಗಸ್ಟ್‌ಗೆ ಮುಗಿಯುತ್ತದೆ. ದಯವಿಟ್ಟು ಅದಕ್ಕೂ ಮೊದಲು ಒಮ್ಮೆ ಸೇರಿ.

ಇಂತಿ,
ಒಂದು ಕಂಪನಿಯ ಮಾಜಿ, ಇನ್ನೊಂದರ ಮಾಜಿ ಮತ್ತು ಹಾಲಿ ‘ಅಮೂಲ್ಯ ಗ್ರಾಹಕ’,
ಶಿವಕಾಂತ
ಓಝರ್, ನಾಶಿಕ್ ಜಿಲ್ಲೆ