ಮಾಡೆಮ್ಮಿನ ಸಿಳ್ಳೆ

24 ಮಾರ್ಚ್ 2025, ಸೋಮವಾರ

ಸಂಜೆ ಮತ್ತೆ ಫೋನ್. ಎತ್ತಿದೆ. ಅದೇ ಸಿಳ್ಳೆ. ಗೋಕುಲ ರಸ್ತೆಯ ಕೋಲ್ಡ್ ಸ್ಟೋರೇಜಿನ ಮಾಡೆಮ್. ಒಳಗೆ ಬಿಸಿ ಏರಿದರೆ ನನ್ನ ಮನೆಗೆ ಫೋನ್ ಮಾಡು ಅಂತ ನಾನೇ ಅದಕ್ಕೆ ಕಲಿಸಿದ್ದು. ನನ್ನನ್ನು ಕೆಲಸದಿಂದ ತೆಗೆದ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ. ಇಟ್ಟುಬಿಟ್ಟೆ.

ಹೋದ ಮಹಾನವಮಿ ನೆನಪಾಯಿತು, ಕೆಲಸ ಹೋದ ದಿನ. ಮಷೀನ್ ಪೂಜೆ, ಊಟಕ್ಕೆ ರೈತರೆಲ್ಲ ಬಂದಿದ್ದರು. ನನ್ನ ಎಲೆಗೆ ಹೋಳಿಗೆ ಬಿದ್ದಿತ್ತು. ಸಾಹುಕಾರ ಗುರುಪಾದಪ್ಪನವರ ಅಳಿಯ ಲೋಹಿತ ಬಂದು ಎದುರಿಗೆ ನಿಂತ. "ಏಳ್ರಿ ಸುಕನ್ಯಾ. ಒಂದು ರೂಮ್ ಮೆಣಸಿನಕಾಯಿ ಕೆಟ್ಟೈತಿ. ಫೋನ್ ಬಂದ್ರೂ ಎತ್ತದ ಮಲಗಿದವ್ರಿಗೆ ಇಲ್ಲಿ ಊಟ ಇಲ್ಲ."

ಫೋನ್ ಬಂದೇ ಇರಲಿಲ್ಲ. ಕ್ಯಾಮೆರಾಕ್ಕೆ ಇಂಟರ್‌ನೆಟ್ ಬೇಕು ಅಂತ ಹಿಂದಿನ ದಿನ ಮಾಡೆಮ್ಮಿನ ಫೋನ್ ಲೈನ್ ಕಿತ್ತವನು ಅವನೇ; ಮತ್ತೆ ಚುಚ್ಚಿದ್ದು ಆಮೇಲೆ. ಹೇಳಿದೆ. ಸಾಹುಕಾರರು ನೆಲ ನೋಡಿದರು. ಎಲೆ ಮುಂದಿನಿಂದ ಎದ್ದೆ... ತಿನ್ನದ ಆ ಹೋಳಿಗೆ ಇವತ್ತಿಗೂ ಗಂಟಲಲ್ಲಿದೆ.

27 ಮಾರ್ಚ್

ಸಾಹುಕಾರರೇ ಫೋನ್ ಮಾಡಿದ್ದರು. "ತಂಗೀ, ಮಾಡೆಮ್ಮಿನಾಗಿಂದ ನಿನ್ನ ನಂಬರ್ ತಗದು ಲೋಹಿತಂದು ಹಾಕಿಕೊಡವ್ವಾ. ಅವಂಗ ಅದು ತಿಳಿಯವಲ್ದು."

ತಿಳಿಯವಲ್ದಂತೆ! ಈಗ ಅವನೇ ಮ್ಯಾನೇಜರ್. ಹಳೇ ಪೆಟ್ಟಿಗೆ ಅದು, ಒಂದೊಂದೇ ಕಮಾಂಡ್ ಟೈಪ್ ಮಾಡಬೇಕು. ಎಲ್ಲ ಆದ ಮೇಲೆ AT&W ಹೊಡೆದರೆ ಮಾತ್ರ ಉಳಿಯುತ್ತೆ. ಇಲ್ಲವಾದರೆ ಕರೆಂಟ್ ಹೋಗಿ ಬಂದ ಕೂಡಲೇ ಮತ್ತೆ ಹಳೆಯದೇ. ಇದನ್ನು ಮರೆತು ಲೋಹಿತ ನನ್ನ ಕೈಲಿ ಎಷ್ಟು ಸಲ ಬೈಸಿಕೊಂಡಿಲ್ಲ.

ಒಪ್ಪಿಕೊಂಡೆ. ಬೇಕಂತಲೇ. ಅವನ ಮನೆಯ ನಂಬರೇ ಹಾಕ್ತೀನಿ. ಒಂದಲ್ಲ ಒಂದು ದಿನ ನಿಜವಾದ ಅಲಾರಂ ಬರುತ್ತೆ, ಬಾಗಿಲು ತೆಗೆದಾಗೆಲ್ಲ ಬರೋ ರಿಂಗಿಗೆ ಬೇಸತ್ತ ಅವನು ಎತ್ತಲ್ಲ. ಆಗ ಅದೇ ರೈತರ ಮುಂದೆ ಅದೇ ಮಾತು ಅವನು ಕೇಳಿಸಿಕೊಳ್ಳಲಿ.

29 ಮಾರ್ಚ್, ಅಮಾವಾಸ್ಯೆ

ಮಾಡೆಮ್ಮಿಗೆ ಲ್ಯಾಪ್‌ಟಾಪ್ ಕೇಬಲ್ ಚುಚ್ಚಿದೆ. AT ಹೊಡೆದೆ. OK ಅಂತು. ಗುರುತು ಹಿಡಿದ ಹಾಗೆ. ಕಣ್ಣಲ್ಲಿ ನೀರು — ಛೀ.

ನಂಬರ್ ಬದಲಿಸಿದೆ. OK. S7=90, ಲಗೂ ಬಿಡಬೇಡ, ರಿಂಗ್ ಮಾಡ್ತಾನೇ ಇರು. OK. M2 L3, ಸ್ಪೀಕರ್ ಸದಾ ಜೋರು. OK. ಟೆಸ್ಟ್ ಕಾಲ್. ಅವನ ಹೆಂಡತಿ ವಾಣಿಶ್ರೀ ಎತ್ತಿದಳು. "ಯಾರ್ರೀ ಅದು? ಕಿವಿ ಹರಿಯಾಕತ್ತಾವು!" ಆಫೀಸಿಗೆಲ್ಲ ಕೇಳಿಸಿತು. ಹೊಟ್ಟೆ ತಂಪಾಯಿತು.

ಅಷ್ಟರಲ್ಲಿ ಸಾಹುಕಾರರು ಮನೆಯವರ ಜೊತೆ ಅಮಾವಾಸ್ಯೆ ಪೂಜೆಗೆ ಬಂದರು. "ಕೈ ತಗೀ ತಂಗಿ, ಆರತಿ ಆಗೂತನಕ ಮಷೀನ್ ಮುಟ್ಟಬಾರ್ದು." ತೆಗೆದೆ. ಮಾಡೆಮ್ಮಿಗೂ ವಿಭೂತಿ, ಹೂವು. ಕಾಯಿ ಒಡೆದರು. ಪ್ರಸಾದ ಹಿಡಿದು ಬಂದವನು ಲೋಹಿತ! ಮೈಯೆಲ್ಲ ಉರಿಯಿತು. ತಗೊಳ್ಳಲಿಲ್ಲ. ಕೇಬಲ್ ಕಿತ್ತು ಚೀಲಕ್ಕೆ ತುರುಕಿ ಬಂದುಬಿಟ್ಟೆ.

5 ಏಪ್ರಿಲ್

ವಾಚ್‌ಮನ್ ಹುಲಗಪ್ಪ ಸಂತೆಯಲ್ಲಿ ಸಿಕ್ಕಿದ್ದ. "ಹಮಾಲ್ರು ಬಾಗಲಾ ತಗದಿಟ್ರ ಸಾಕ್ರಿ, ಅಳಿಯಂದ್ರ ಮನಿಗೆ ಫೋನ್. ಉಣ್ಣಾಕ ಕುಂತಾಗ, ಪೂಜಿಗೆ ಕುಂತಾಗ... ನಿನ್ನಿ ಸಿಟ್ಟಿಗೆದ್ದು ಬಂದು ಆ ಪೆಟ್ಟಿಗಿ ಕರೆಂಟ್ ವೈರ್ ಕಿತ್ತು ಒಗದ್ರು. ಸಾಹುಕಾರ್ರು ಬೈದ್ರು, ಹಮಾಲ್ರಿಗೂ ಇನ್ನ ಬಾಗಲಾ ತಗದಿಡಬ್ಯಾಡ್ರಿ ಅಂದ್ರು. ಮತ್ತ ನಾನ ಚುಚ್ಚೀನ್ರಿ ಅಕ್ಕಾರ."

ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಬದನೆಕಾಯಿ ತರೋದೇ ಮರೆತೆ.

8 ಏಪ್ರಿಲ್

ಉಪ್ಪಿನಬೆಟಗೇರಿಯಿಂದ ಈರವ್ವ ಬಂದಿದ್ದಳು. ಮಹಾನವಮಿ ದಿನ ನಾನು ಎದ್ದಾಗ ತಾನೂ ಎಲೆ ಬಿಟ್ಟು ಎದ್ದವಳು ಅವಳೊಬ್ಬಳೇ. "ಈ ವರ್ಷದ ಮೆಣಸಿನಕಾಯಿ ಅಷ್ಟೂ ಅಲ್ಲೇ ಇಟ್ಟೆ ಯವ್ವಾ. ಬ್ಯಾರೆ ಕಡೆ ಹೋಗಾಕಿ ಇದ್ನಿ. ಮಷೀನ್ ನೀನ ಸರಿ ಮಾಡಿಹೋಗೀ ಅಂದ್ರು, ಧೈರ್ಯ ಬಂತು."

ಚಹಾ ಕೊಟ್ಟೆ. ನಾನು ಕಾಯ್ತಿರೋ ಅಲಾರಂ ಬಂದ ದಿನ ಅವಳ ಚೀಲಗಳೂ ಕೆಡುತ್ತವಲ್ಲವಾ? ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಂಬರ್ ವಾಪಸ್ ಬದಲಿಸಿ ಬರಲಾ... ಬೇಡ. ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳೋದೂ ಇಲ್ಲ.

13 ಏಪ್ರಿಲ್, ಭಾನುವಾರ ಮಧ್ಯಾಹ್ನ

ದೇಶಪಾಂಡೆ ನಗರದಲ್ಲಿ ಸಾಹುಕಾರರ ಮನೆ ಮುಂದೆ ಪೆಂಡಾಲ್. ಲೋಹಿತನ ಮಗನ ಜವಳ, ಮೊದಲ ಕೂದಲು ತೆಗೆಸೋದು. ರೈತರು, ವ್ಯಾಪಾರಸ್ಥರು, ಹುಲಗಪ್ಪ, ಎಲ್ಲರೂ ಅಲ್ಲೇ. ನನಗೆ ಕರೆ ಇಲ್ಲ. ಒಂದೇ ಓಣಿ ಆಚೆ ನಮ್ಮ ಮನೆ, ತುಪ್ಪದ ವಾಸನೆ ಇಲ್ಲಿತನಕ ಬರ್ತಿದೆ.

ಫೋನ್. ಎತ್ತಿದೆ. ಸಿಳ್ಳೆ.

ನನ್ನ ಮನೆಗೆ?

AT&W! ಆರತಿ ಅಂತ ಕೈ ತೆಗೆದವಳು ಅದನ್ನು ಹೊಡೆದೇ ಇಲ್ಲ. ಅವನು ವೈರ್ ಕಿತ್ತ, ಹುಲಗಪ್ಪ ಚುಚ್ಚಿದ, ನನ್ನ ನಂಬರ್ ವಾಪಸ್ ಬಂತು. ಥೂ, ನನ್ನ ಜನ್ಮಕ್ಕಿಷ್ಟು.

ಇಟ್ಟೆ. ಮತ್ತೆ ರಿಂಗ್. ಇವತ್ತು ಬಾಗಿಲು ತೆಗೆದಿಡಲು ಹಮಾಲರಿಲ್ಲ. ತಂಪು ಮಾಡೋ ಮಷೀನೇ ನಿಂತಿರಬೇಕು. ಸುಮ್ಮನೆ ಕೂತರೆ ಈರವ್ವನ ಮೆಣಸಿನಕಾಯಿ ಹೋಯಿತು. ಫೋನ್ ಬಂದರೂ ಎತ್ತದವಳು ಅನ್ನೋ ಮಾತು ಈ ಸಲ ನಿಜವಾಗುತ್ತೆ.

ಕೀಲಿ ಲೋಹಿತನ ಹತ್ತಿರ. ಮೊಬೈಲಿಗೆ ಒಂದು ಮಾತು ಹೇಳಿದರೆ ಸಾಕು, ಸದ್ದಿಲ್ಲದೆ ಎದ್ದು ಹೋಗ್ತಾನೆ. ಯಾರಿಗೂ ಗೊತ್ತಾಗಲ್ಲ.

ಹೇಳಲ್ಲ. ನಡೆದೇ ಹೋಗ್ತೀನಿ, ಪೆಂಡಾಲಿನ ಒಳಗೇ. ಮನೆ ಅಳಿಯ, ಮೊದಲನೇ ಪಂಕ್ತಿಯಲ್ಲೇ ಇರ್ತಾನೆ. ಎಲೆಗೆ ಹೋಳಿಗೆ ಬಿದ್ದಿರುತ್ತೆ. ಎದುರಿಗೆ ನಿಂತು, ಕೊನೆಯ ಎಲೆಯವರಿಗೂ ಕೇಳೋ ಹಾಗೆ — "ಏಳ್ರಿ ಲೋಹಿತ—"

ಮತ್ತೆ ರಿಂಗ್. ಬಂದೆ, ಬಂದೆ. ಚಪ್ಪಲಿ ಎಲ್ಲಿ