ಇಪ್ಪತ್ತೈದಕ್ಕೆ ಎರಡು ತಿಂಗಳು

ಜನವರಿ 8, ಬುಧವಾರ

9.20ರ ಫಾಸ್ಟ್ ಲೋಕಲ್ ರೈಲು ಇವತ್ತೂ ತಪ್ಪಿತು. ಕಾಂದಿವಲಿಯಿಂದ ನಿಂತೇ ಬಂದೆ. ಫೋರ್ಟ್‌ನ ಬಾರ್ ಮುಟ್ಟುವಾಗ ಹನ್ನೊಂದು ದಾಟಿತ್ತು. ಮ್ಯಾನೇಜರ್ ಕೊರಗಪ್ಪ ಗಡಿಯಾರ ನೋಡಿದ, ನನ್ನನ್ನು ನೋಡಿದ, ಬೈಯದೆ ಬಿಟ್ಟ. ಈ ಒಂದೇ ಬಾರ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೀವರ್ಡ್ ಆಗಿದ್ದಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ?

ಮಧ್ಯಾಹ್ನ ಟೈ ಕಟ್ಟಿದ ಇಬ್ಬರು ಬಂದು ರಮ್ ಕೇಳಿದರು. ಮುಖ ನೋಡಿ ಆಧಾರ್ ಕೇಳಿದೆ. ಇಪ್ಪತ್ಮೂರು, ಇಪ್ಪತ್ನಾಲ್ಕು. ಬಿಯರ್ ಕೊಡುತ್ತೇನೆ, ರಮ್ ಇಲ್ಲ ಎಂದೆ. ಸಿಟ್ಟು ಬಂತು ಅವರಿಗೆ. ಬರಲಿ. ನನ್ನ ಟೇಬಲ್‌ನಲ್ಲಿ ರೂಲ್ ಎಂದರೆ ರೂಲ್.

ರಾತ್ರಿ ಮನೆಗೆ ಬಂದರೆ ಮಗ ಪ್ರಶಾಂತ, ಸೊಸೆ ಜ್ಯೋತ್ಸ್ನಾ ಇಬ್ಬರೂ ಮೊಬೈಲ್ ಮೇಲೆ ಬಗ್ಗಿದ್ದಾರೆ. ಮದುವೆಯಾಗಿ ಒಂದು ತಿಂಗಳೂ ಆಗಿಲ್ಲ. ಆಫೀಸಿನ ಗೆಳೆಯರು ಸೇರಿ ಮಗನಿಗೆ ಗೋವಾ ಕ್ರೂಸ್ ಉಡುಗೊರೆ ಕೊಟ್ಟಿದ್ದಾರೆ. ಹದಿನೇಳಕ್ಕೆ ಹೊರಡಬೇಕು. ಹಡಗಿನ ನಿಯಮಗಳನ್ನು ಗಟ್ಟಿಯಾಗಿ ಓದುತ್ತಿದ್ದ.

"ನೋಡಿ ಪಪ್ಪಾ. ಇಪ್ಪತ್ತೊಂದರ ಒಳಗೆ ಏನೂ ಇಲ್ಲ. ಆಮೇಲೆ ಬಿಯರ್, ವೈನ್. ರಮ್ಮು, ವಿಸ್ಕಿಗೆ ಇಪ್ಪತ್ತೈದು ಆಗ್ಬೇಕಂತೆ. ಮದುವೆ ಆದವರಿಗೂ ಅದೇ. ಹೆಂಡ್ತಿ ಸಾಕ್ಲಿಕ್ಕೆ ಇಪ್ಪತ್ತೊಂದು ಸಾಕು, ಒಂದು ಪೆಗ್ ಹಾಕ್ಲಿಕ್ಕೆ ಸಾಲುದಿಲ್ಲ!"

"ಬಿಟ್ಟವರಿಗೆ ರೂಲ್ ಎಂತಕ್ಕೆ?" ಎಂದು ಜ್ಯೋತ್ಸ್ನಾ ಅವನ ಕೈಗೆ ಹೊಡೆದಳು. ಅವಳಿಗೆ ಇಪ್ಪತ್ತು. ಇವನಿಗೆ ಮಾರ್ಚ್ ಹದಿನೈದಕ್ಕೆ ಇಪ್ಪತ್ತೈದು. ವಯಸ್ಸು ಗೊತ್ತಾಗಲೆಂದು ಕೈಗೆ ಬಣ್ಣದ ಬ್ಯಾಂಡ್ ಕಟ್ಟುತ್ತಾರಂತೆ, ಅವಳಿಗೆ ಹಸಿರು, ಇವನಿಗೆ ಹಳದಿ.

ಪಾಪ, ಮದುವೆಗೆ ಮೊದಲೇ ಮಾತು ತೆಗೆದುಕೊಂಡಿದ್ದಳು, ಕುಡಿಯಬಾರದು ಎಂದು. ಅವಳ ಅಪ್ಪನ ಕುಡಿತದ ಕತೆ ಹಾಗೆ. ಇವನೂ ಬಿಟ್ಟೆ ಎಂದಿದ್ದ.

ಜನವರಿ 12, ಭಾನುವಾರ

ನನ್ನ ಹೆಂಡತಿ ವಾರಿಜಾ ತೀರಿಹೋದ ಮೇಲೆ ಭಾನುವಾರವೆಂದರೆ ನಾನು, ಪ್ರಶಾಂತ, ಹುರಿದ ಬಂಗುಡೆ, ಒಂದೊಂದು ಪೆಗ್. ಹೊರಗಿನವರ ಮಕ್ಕಳ ಆಧಾರ್ ಕೇಳುವವನು ಮನೆಯಲ್ಲಿ ಇಪ್ಪತ್ತೆರಡರ ಮಗನಿಗೆ ನಾನೇ ಅಳೆದು ಕೊಟ್ಟಿದ್ದೇನೆ. ಎದುರಿಗೆ ಕುಡಿದರೆ ಮಿತಿಯಲ್ಲಿ ಇರುತ್ತಾನೆ ಎಂಬ ಲೆಕ್ಕ. ಮದುವೆಯಾದ ಮೇಲೆ ಅದೂ ನಿಂತಿದೆ. ಇವತ್ತು ಬಂಗುಡೆ ಮಾತ್ರ. ಸೊಸೆ ಚೆನ್ನಾಗಿ ಹುರಿದಿದ್ದಳು. ಆದರೂ ಮನೆಯಲ್ಲಿ ಏನೋ ಕಡಿಮೆ.

ಅವಳು ಸೊಪ್ಪು ತರಲು ಕೆಳಗೆ ಹೋದಾಗ ಪ್ರಶಾಂತ ಹತ್ತಿರ ಬಂದ.

"ಪಪ್ಪಾ, ಶಿಪ್ಪಿಗೆ ಏನಾದ್ರೂ ಐಡಿಯಾ ಮಾಡಿ. ಒಂದೇ ಸಲ. ಸಮುದ್ರ ನೋಡ್ತಾ ಒಂದು ಪೆಗ್. ಅವಳಿಗೆ ಗೊತ್ತಾಗ್ಬಾರ್ದು."

"ಬಿಟ್ಟೆ ಅಂತ ಹೇಳಿದ್ದಿ ಅಲ್ಲ ನೀನು?"

"ಬಿಟ್ಟಿದ್ದೇನೆ ಪಪ್ಪಾ. ಇದೊಂದು ಆಗ್ಲಿ."

ನಗು ಬಂತು. ಇಲ್ಲ ಎನ್ನಬೇಕಿತ್ತು. ನನ್ನ ಮಗನನ್ನು ಯಾವನೋ ಕೌಂಟರಿನವನು ಮಗುವಿನ ಹಾಗೆ ವಾಪಸ್ ಕಳಿಸುತ್ತಾನಲ್ಲ ಎಂಬುದೇ ತಲೆಯಲ್ಲಿತ್ತು.

ಜನವರಿ 15, ಬುಧವಾರ

ಆಯಿತು ಕೆಲಸ. ಮೆಡಿಕಲ್‌ನಿಂದ ದಶಮೂಲಾರಿಷ್ಟದ ದೊಡ್ಡ ಬಾಟಲಿ ತಂದೆ. ಅದರ ಬಣ್ಣವೂ ರಮ್ಮಿನ ಬಣ್ಣವೂ ಒಂದೇ. ವಾಸನೆಯೂ ಹೆಚ್ಚುಕಡಿಮೆ ಅದೇ. ಅರಿಷ್ಟ ಚೆಲ್ಲಿ ರಮ್ ತುಂಬಿದೆ, ವಾಸನೆಗೆಂದು ಮೇಲೆ ಎರಡು ಚಮಚ ಅರಿಷ್ಟ. ಸೀಲ್ ಹೊಸದರ ಹಾಗೇ ಕೂತಿತು. ನಕಲಿ ಬಾಟಲಿ ಹಿಡಿಯಲು ಕಲಿತ ವಿದ್ಯೆ ತಿರುಗಿಸಿ ಬಳಸಿದೆ. ಒಳ್ಳೆಯ ಕೈ ನನ್ನದು, ಹೇಳಿಕೊಳ್ಳಬಾರದು.

ಬಾಟಲಿಯನ್ನು ಜ್ಯೋತ್ಸ್ನಾಳ ಕೈಗೇ ಕೊಟ್ಟೆ. "ಸಮುದ್ರದ ಗಾಳಿಗೆ ಅವನಿಗೆ ಕೆಮ್ಮು ಬರ್ತದೆ ಮಗಾ. ದಿನಕ್ಕೆ ಎರಡು ಮುಚ್ಚಳ."

ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇಟ್ಟಳು. ಪ್ರಶಾಂತ ಬಾಗಿಲ ಹಿಂದೆ ನಿಂತು ನಗು ಕಚ್ಚಿ ಹಿಡಿದಿದ್ದ.

ಜನವರಿ 17, ಶುಕ್ರವಾರ. ಮಧ್ಯಾಹ್ನ 3

ಬಾರ್‌ನಿಂದ ಹಡಗಿನ ಬಂದರಿಗೆ ಹತ್ತೇ ನಿಮಿಷ. ಹೋಗಿ ಗೇಟಿನಲ್ಲೇ ನಿಂತು ಕೈ ಬೀಸಿ ಬಂದೆ. ಒಳಗಿನಿಂದ ಜ್ಯೋತ್ಸ್ನಾ ಫೋನ್ ಮಾಡಿದಳು.

"ಮಾವ, ನಿಮ್ಮ ಅರಿಷ್ಟ ಸೆಕ್ಯೂರಿಟಿಯವರು ಹಿಡಿದಿದ್ರು. ಮನೆ ಔಷಧಿ, ನನ್ನ ಮಾವ ಕೊಟ್ಟದ್ದು ಅಂತ ಜಗಳ ಮಾಡಿ ಬಿಡಿಸ್ಕೊಂಡೆ."

ಕೊರಗಪ್ಪನಿಗೆ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಸಂಜೆ 7.40

ಹಡಗಿನಿಂದ ಫೋನ್. ಯಾರೋ ಇಂಗ್ಲಿಷಿನಲ್ಲಿ... ಮೆಟ್ಟಿಲಿನಿಂದ ಬಿದ್ದಿದ್ದಾನಂತೆ. ತಲೆಗೆ ಪೆಟ್ಟು. ಗೋವಾದಲ್ಲಿ ಆಸ್ಪತ್ರೆಗೆ ಹಾಕುತ್ತಾರಂತೆ. ಹಿಂದಿನಿಂದ ಜ್ಯೋತ್ಸ್ನಾಳ ಅಳು ಕೇಳುತ್ತಿತ್ತು. ಬಸ್ಸೋ ರೈಲೋ, ಸಿಕ್ಕಿದ್ದು ಹತ್ತಬೇಕು.

ಜನವರಿ 20

ಬೆಳಿಗ್ಗೆ ನಾಲ್ಕು ಹತ್ತಕ್ಕೆ ಹೋದ.

ಫೆಬ್ರವರಿ 2, ಭಾನುವಾರ

ನಿನ್ನೆ ಹದಿಮೂರನೆಯ ದಿನದ ಕೆಲಸ ಮುಗಿಯಿತು. ನೆಂಟರು ಹೋದರು. ಜ್ಯೋತ್ಸ್ನಾಳ ತಾಯಿ ಭಾಂಡುಪ್‌ನ ತಮ್ಮ ಮನೆಗೆ ಕರೆದರು. ಹೋಗಲಿಲ್ಲ ಅವಳು. "ಮಾವ ಒಬ್ರೇ ಆಗ್ತಾರೆ" ಎಂದಳು. ಆ ಮಾತು ನನ್ನ ಎದುರಿಗೇ ಆಡಿದಳು.

ಅವರ ಸೂಟ್‌ಕೇಸ್ ಹಡಗಿನ ಕಂಪನಿಯವರು ಮೊನ್ನೆ ತಂದುಕೊಟ್ಟಿದ್ದರು. ಅವಳು ಸ್ನಾನಕ್ಕೆ ಹೋದಾಗ ತೆಗೆದೆ. ಬಾಟಲಿ ಇತ್ತು. ಅರ್ಧಕ್ಕಿಂತ ಹೆಚ್ಚು ಖಾಲಿ. ಮೋರಿಗೆ ಸುರಿದು, ಬಾಟಲಿಯನ್ನು ಸ್ಟೇಷನ್ ಹತ್ತಿರದ ಕಸದ ಡಬ್ಬಿಗೆ ಹಾಕಿ ಬಂದೆ. ಮಗ ಸತ್ತ ಹದಿನಾಲ್ಕನೆಯ ದಿನ ಕಳ್ಳನ ಹಾಗೆ ಅಷ್ಟು ಅಚ್ಚುಕಟ್ಟಾಗಿ ಮಾಡಿದೆನಲ್ಲ... ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ.

ನಾನು ಕೊಂದೆ. ಇಲ್ಲಿ ಬರೆಯಬಹುದು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು.

ಫೆಬ್ರವರಿ 5, ಬುಧವಾರ

ರಕ್ತದ ವರದಿ ಬಂದಿದೆ. ಮೈಯಲ್ಲಿ ಬಹಳ ಮದ್ಯ ಇತ್ತಂತೆ. ಹಡಗಿನ ಬಿಲ್ಲಿನಲ್ಲಿ ಇರುವುದು ಎರಡು ಲಿಂಬೆ ಸೋಡಾ ಮಾತ್ರ. ಹಾಗಾದರೆ ಇಪ್ಪತ್ತೈದಾಗದವನಿಗೆ ಯಾರೋ ಬಿಲ್ಲಿಲ್ಲದೆ ಕೊಟ್ಟಿದ್ದಾರೆ ಎಂದು ಕಂಪನಿ ವಿಚಾರಣೆ ಶುರು ಮಾಡಿದೆ. ಯಾರು ಎಂದು ಜ್ಯೋತ್ಸ್ನಾಳನ್ನು ಕೇಳಿದರು. ಅವಳು ಬರೆದುಕೊಟ್ಟಿದ್ದಾಳೆ.

ಹಡಗಿನ ಬಾರಿನ ಸ್ಟೀವರ್ಡ್, ಹೆಸರು ಸಂದೀಪ. ನಮ್ಮ ಕಡೆಯವನೇ. ಮನೆ ಕುರ್ಲಾದಲ್ಲಿ.

"ಕೌಂಟರಲ್ಲಿ ಇವರ ಜೊತೆ ಕನ್ನಡದಲ್ಲಿ ನಗ್ತಾ ಮಾತಾಡ್ತಾ ಇದ್ದ ಮಾವ. ಊರಿನವರು ಅಂತ ಸೋಡಾದಲ್ಲಿ ಹಾಕಿ ಕೊಟ್ಟಿರ್ಬೇಕು. ಇವರು ಬಿಟ್ಟಿದ್ರು. ನನಗೆ ಮಾತು ಕೊಟ್ಟು ಬಿಟ್ಟಿದ್ರು. ಆ ಮನುಷ್ಯನೇ ಹಾಳು ಮಾಡಿದ."

ಬೇರೆ ಯಾವಾಗಲೂ ಅವಳ ದನಿ ಏಳುವುದಿಲ್ಲ. ಇದನ್ನು ಹೇಳುವಾಗ ಮಾತ್ರ ಬೆನ್ನು ನೆಟ್ಟಗಾಗುತ್ತದೆ. ಗಂಡ ಮಾತು ಉಳಿಸಿಕೊಂಡಿದ್ದ, ಅದೊಂದೇ ಅವಳಿಗೆ ಉಳಿದಿರುವುದು. ನಾನು "ಹೌದಾ" ಎಂದೆ. ಅಷ್ಟೇ ಎಂದೆ.

ಫೆಬ್ರವರಿ 9, ಭಾನುವಾರ

ಮಧ್ಯಾಹ್ನ ಬೆಲ್ಲು. ಅರವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಬಾಳೆಹಣ್ಣಿನ ಚೀಲ. ನೀಲಾವತಿ, ಸಂದೀಪನ ತಾಯಿ. ವಿಳಾಸ ಹೇಗೆ ಹುಡುಕಿದರೋ. ಪುಣ್ಯಕ್ಕೆ ಜ್ಯೋತ್ಸ್ನಾ ತಾಯಿಯ ಮನೆಗೆ ಹೋಗಿದ್ದಳು.

ಜಗಳಕ್ಕೆ ಬಂದಿದ್ದರೆ ಸುಲಭವಿತ್ತು. ಅವರು ಮೊದಲು ಗೋಡೆಯ ಮೇಲಿನ ಪ್ರಶಾಂತನ ಫೋಟೋಗೆ ಕೈಮುಗಿದರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಕೇಸು ತೆಗೀರಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ ಅಣ್ಣೇರೆ. ನಿಮ್ಮ ಮಗ ಹೋದದ್ದು, ಅದರ ಎದುರು ನಮ್ಮದೆಲ್ಲ ಎಂತ? ಆದ್ರೆ ನನ್ನ ಮಗ ಮನೆಯಲ್ಲಿ ಕೂತಿದ್ದಾನೆ. ಊಟ ಮಾಡುದಿಲ್ಲ. ನಾನು ಕೊಡ್ಲಿಲ್ಲ ಅಂತ ಮೊದ್ಲು ಹೇಳ್ತಿದ್ದ. ಈಗ ‘ಅಮ್ಮಾ, ನಾನು ಕೊಟ್ಟು ಮರ್ತೆನಾ’ ಅಂತ ನನ್ನ ಹತ್ರವೇ ಕೇಳ್ತಾನೆ."

ನನಗೆ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ನಿಂತೆ.

"ನಿಮ್ಮ ಮಗ ರಮ್ ಕೇಳಿದ್ದು ಹೌದಂತೆ. ಇವ ಬ್ಯಾಂಡ್ ನೋಡಿ, ಆಗ್ಲಿಕ್ಕಿಲ್ಲ ಅಣ್ಣ ಅಂದನಂತೆ. ಅವರು ಸಿಟ್ಟು ಮಾಡ್ಲಿಲ್ಲಂತೆ. ‘ನನ್ನ ಅಪ್ಪನೂ ಸ್ಟೀವರ್ಡೇ, ಅವರೂ ಹೀಗೇ, ರೂಲ್ ಬಿಡುದಿಲ್ಲ’ ಅಂತ ನಗಾಡಿದ್ರಂತೆ. ಅದಕ್ಕೇ ಇವನೂ ನಗಾಡಿದ್ದು. ಆ ನಗಾಡಿದ್ದೇ ಈಗ ತಪ್ಪಾಯ್ತು."

ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಹದಿನೇಳಕ್ಕೆ ವಿಚಾರಣೆ. ನೀವೂ ಇದೇ ಕೆಲ್ಸ ಮಾಡಿದವರು. ನಿಮ್ಗೆ ಏನಾದ್ರೂ ಗೊತ್ತಾದ್ರೆ..."

"ನೋಡುವ" ಎಂದೆ. ಎಂಥ ಮಾತು ಅದು! ನೋಡುವುದಕ್ಕೆ ಏನು ಉಳಿದಿದೆ?

ಬಾಳೆಹಣ್ಣು ಬಿಟ್ಟು ಹೋಗಿದ್ದಾರೆ. ತಿನ್ನಲಾರೆ, ಎಸೆಯಲಾರೆ.

ಫೆಬ್ರವರಿ 12, ಬುಧವಾರ

ಕೆಲಸಕ್ಕೆ ಹೋದೆ. ಇಪ್ಪತ್ತೊಂಬತ್ತು ವರ್ಷ ಕಣ್ಣಳತೆಯಲ್ಲೇ ಸುರಿದವನು, ಇವತ್ತು ಅಳತೆಯ ಲೋಟದಲ್ಲಿ ಹಾಕಿದರೂ ಚೆಲ್ಲಿದೆ. ಕೊರಗಪ್ಪ ಮೂಲೆಗೆ ಕರೆದ. ನಾವು ನಕ್ಕಿದ್ದು ಅವನಿಗೂ ನೆನಪಿದೆ.

"ಅಣ್ಣು, ನನ್ನ ಬಾಯಿಂದ ಬರುದಿಲ್ಲ. ನಿನ್ನ ಬಾಯಿಂದಲೂ ಬರುದು ಬೇಡ. ಹೋದವ ಹೋದ. ಆ ಹುಡುಗಿ ನಿನ್ನನ್ನೇ ನಂಬಿ ಕೂತಿದ್ದಾಳೆ. ಹೇಳಿದ್ರೆ ಅವಳಿಗೆ ಮನೆಯೂ ಇಲ್ಲ, ಗಂಡನೂ ಇಲ್ಲ."

"ಮತ್ತೆ ಸಂದೀಪ?"

"ಬೇರೆ ಕೆಲ್ಸ ಸಿಗ್ತದೆ ಮಾರಾಯ ಅವನಿಗೆ."

ಸಿಗುವುದಿಲ್ಲ. ಕೊರಗಪ್ಪನಿಗೂ ಗೊತ್ತು, ನನಗೂ ಗೊತ್ತು. ಸಾವಿನ ಕೇಸಿನಲ್ಲಿ ಹೆಸರು ಬಂದ ಸ್ಟೀವರ್ಡ್‌ಗೆ ಈ ಊರಿನಲ್ಲಿ ಯಾವ ಹೋಟೆಲಿನವನೂ ಟ್ರೇ ಕೊಡುವುದಿಲ್ಲ. ನಾನೇ ಒಬ್ಬನನ್ನು ಹಾಗೆ ಬಾಗಿಲಿನಿಂದ ಕಳಿಸಿದ್ದೇನೆ.

ಫೆಬ್ರವರಿ 14, ಶುಕ್ರವಾರ

ಜ್ಯೋತ್ಸ್ನಾಳಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಮ್ಮೆ ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳಿದಳು. ಇನ್ನೊಮ್ಮೆ ಅಳುತ್ತಿದ್ದಳು.

ಒಂದು ದಾರಿ ಹೊಳೆದಿದೆ. ಬಾಟಲಿಯ ವಿಷಯ ಪ್ರಶಾಂತನಿಗೂ ಗೊತ್ತಿರಲಿಲ್ಲ ಎನ್ನುವುದು. ಅವನೂ ಔಷಧಿಯೆಂದೇ ಕುಡಿದ, ಮುದುಕ ಇಬ್ಬರಿಗೂ ಮೋಸ ಮಾಡಿದ. ಸಂದೀಪ ಉಳಿಯುತ್ತಾನೆ. ಅವಳ ಗಂಡನ ಮಾತೂ ಉಳಿಯುತ್ತದೆ. ಹೋಗುವುದು ನಾನೊಬ್ಬ. ಹೋಗಬೇಕಾದವನೇ.

ಫೆಬ್ರವರಿ 16, ಭಾನುವಾರ. ಮಧ್ಯಾಹ್ನ 12.30

ಹೇಳಿದೆ.

ಅವಳು ಬಟ್ಟೆ ಮಡಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅರಿಷ್ಟದ ಬಾಟಲಿಯಲ್ಲಿ ರಮ್ ತುಂಬಿದ್ದು ನಾನು. ಸಂದೀಪ ಏನೂ ಕೊಟ್ಟಿಲ್ಲ. ಪ್ರಶಾಂತನಿಗೂ ಗೊತ್ತಿರಲಿಲ್ಲ. ಕೊನೆಯದು ಬಾಯಿಗೆ ಸರಾಗವಾಗಿ ಬಂತು. ಎರಡು ದಿನ ಅಭ್ಯಾಸ ಮಾಡಿದ್ದೆ.

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿದಳು.

"ನಾನು ಸ್ನಾನ ಮಾಡಿ ಬರುವಾಗ ಬಾಟಲಿ ಅರ್ಧ ಖಾಲಿ ಆಗಿತ್ತು ಮಾವ. ಎಂತ ಇದು ಅಂತ ಕೇಳಿದೆ. ಚೆಲ್ಲಿತು ಅಂದ್ರು."

ಮಡಚಿದ ಟವೆಲನ್ನು ಮತ್ತೆ ಬಿಚ್ಚಿದಳು.

"ಒರೆಸ್ಲಿಕ್ಕೆ ಬಟ್ಟೆ ಹಿಡ್ಕೊಂಡು ರೂಮೆಲ್ಲ ಹುಡುಕಿದೆ. ಎಲ್ಲಿಯೂ ಒದ್ದೆ ಇರ್ಲಿಲ್ಲ. ಅವರು ಬೆಡ್ಡಲ್ಲಿ ಕೂತು ನಗ್ತಾ ಇದ್ರು. ನನ್ನನ್ನು ನೋಡಿ ಪ್ರೀತಿಯಿಂದ ನಗ್ತಾರೆ ಅಂದ್ಕೊಂಡೆ."

"ಮಗಾ..."

"ಹಾಗಾದ್ರೆ ಗೊತ್ತಿಲ್ಲದೆ ಇದ್ದದ್ದು ನನಗೆ ಒಬ್ಳಿಗೇ."

ಇಷ್ಟು ದಿನ ಮಗನಿಗಾಗಿ ಅತ್ತಿದ್ದೆ. ಈ ಹುಡುಗಿಗಾಗಿ ಅತ್ತದ್ದು ಇವತ್ತೇ ಮೊದಲು. ಅಪ್ಪ ಮಗ ಸೇರಿ ನಕ್ಕದ್ದು ಇವಳನ್ನು ನೋಡಿ. ಬಾಟಲಿಗಾಗಿ ಜಗಳ ಮಾಡಿದವಳೂ ಇವಳೇ. ಅವಳು ಅಳಲಿಲ್ಲ.

1.15

ಊಟ ಯಾರೂ ಮಾಡಿಲ್ಲ. ಅವಳೇ ಕಾಗದ ಪೆನ್ನು ತಂದು ಹಾಲಿನಲ್ಲಿ ಕೂತಳು. ನಾಳೆ ಹನ್ನೊಂದಕ್ಕೆ ವಿಚಾರಣೆ, ಹೇಳಿಕೆ ಇಂಗ್ಲಿಷಿನಲ್ಲಿ ಬೇಕು, ನನಗೆ ಅದನ್ನು ಬರೆಯಲು ಬಾರದು. "ನೀವು ಹೇಳಿ, ನಾನು ಬರೀತೇನೆ" ಎಂದಳು. ಹೇಳಿದೆ. ನನ್ನ ಹೆಸರು, ವಯಸ್ಸು, ಕೆಲಸ. ಬಾಟಲಿ ತಂದದ್ದು, ತುಂಬಿದ್ದು, ಅವಳ ಕೈಗೆ ಕೊಟ್ಟದ್ದು. ಸಂದೀಪನ ತಪ್ಪಿಲ್ಲ ಎಂದದ್ದು. ಒಂದು ಅಕ್ಷರ ಬಿಡದೆ ಬರೆದಳು. ಆಮೇಲೆ ಪೆನ್ನು ನಿಂತಿತು.

"ಅವರಿಗೆ ಗೊತ್ತಿತ್ತು ಅಂತ ಬರೀಲಾ, ಗೊತ್ತಿರ್ಲಿಲ್ಲ ಅಂತ ಬರೀಲಾ?"

ನನ್ನ ಮುಖ ನೋಡಲಿಲ್ಲ, ಕಾಗದವನ್ನೇ ನೋಡುತ್ತಿದ್ದಳು. ಅವಳಿಗೆ ಯಾವ ಉತ್ತರ ಬೇಕು ಎಂದು ದನಿಯಲ್ಲಿ ಗೊತ್ತಾಗಲಿಲ್ಲ. ನೀರು ಕುಡಿದು ಬರುತ್ತೇನೆ ಎಂದು ಒಳಗೆ ಬಂದವನು ಇದನ್ನು ಬರೆಯುತ್ತಿದ್ದೇನೆ. ಹೇಡಿ.

ಕರೆಯುತ್ತಿದ್ದಾಳೆ. "ಮಾವ" ಎಂದೇ ಕರೆಯುತ್ತಿದ್ದಾಳೆ, ಇನ್ನೂ. ಹೋಗಿ ಹೇಳುತ್ತೇನೆ. ಪ್ರಶಾಂತನಿಗೆ...