ಸತ್ತವರೆಲ್ಲ ತವರಿಗೆ ಹೋದ ಕತೆ

ತಾಂಬರಂ
೧೮ ಆಗಸ್ಟ್ ೨೦೨೪, ಭಾನುವಾರ

ಚಿ. ಪ್ರಣಮ್ಯಾಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನೀನು ಮನೆ ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಕೋಪ ಮಾಡಿಕೊಳ್ಳಬೇಡ; ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಒಂದೇ ಟಿಕ್ಕು. ನಾಳೆ ತೇಜು ನಿನ್ನ ಬಟ್ಟೆ ತೆಗೆದುಕೊಂಡು ಹೋಗಲು ಬರುತ್ತಾಳಂತೆ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ. ನೀನು ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವಳೆಂದು ಅಕ್ಷರ ದುಂಡಗೆ ಬರೆದಿದ್ದೇನೆ. ಓದದೆ ಎಸೆಯಬೇಡ ಕಂದಾ.

"ಚೆನ್ನಾಗಿದ್ದಾಳೆ ಆಂಟಿ, ಅಡ್ಯಾರ್ ಕಡೆ ಪೀಜಿಲಿದ್ದಾಳೆ, ಇನ್ನೇನೂ ಹೇಳ್ಬೇಡ ಅಂದಿದ್ದಾಳೆ" ಎನ್ನುತ್ತಾಳೆ ನಿನ್ನ ಗೆಳತಿ ತೇಜು. ಅಡ್ಯಾರ್ ಏನು ಅಂಗೈ ಅಗಲ ಇದೆಯೇ? ನಿನ್ನ ಅಪ್ಪ ರೈಲ್ವೆ ಡ್ಯೂಟಿ ಇಲ್ಲದ ಭಾನುವಾರ ಬಸ್ಸು ಹತ್ತಿ ಹೋಗಿ ಅಲ್ಲಿನ ಬೀದಿ ಬೀದಿ ಸುತ್ತಿ ಬರುತ್ತಾರೆ. ಎಲ್ಲಿಗೆ ಹೋಗಿದ್ರಿ ಅಂದರೆ "ಗಡಿಯಾರಕ್ಕೆ ಸೆಲ್ ಹಾಕ್ಸೋಕೆ" ಅನ್ನುತ್ತಾರೆ. ಮೂರು ಭಾನುವಾರ ಆಯಿತು, ಅದೇ ಗಡಿಯಾರ, ಅದೇ ಸೆಲ್ಲು. ಇವತ್ತೂ ಹೋಗಿದ್ದಾರೆ, ಇನ್ನೂ ಬಂದಿಲ್ಲ.

ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ನಿನ್ನನ್ನು ಕಾಲೇಜಿನವರು ಟ್ರೇನಿಂಗಿಗೆಂದು ಕೊಯಮತ್ತೂರಿಗೆ ಕಳಿಸಿದ್ದಾರೆ ಎಂದು ಅವರಿಗೆ ಹೇಳಿದ್ದೆವು. ಬೀಪಿ ಇರುವ ಜೀವ, ಇನ್ನೇನು ಹೇಳಲಿ? ಡಾಕ್ಟರು ಟೀವಿ ಬೇಡ ಎಂದ ದಿನವೇ ಹಟ ಶುರುವಾಯಿತು. "ಮೊಗ ಯೋಳ್ತಿದ್ದ ಆ ಕತೆ ಪುಸ್ತಕ ಎಲ್ಲವ್ವ? ನೀನೇ ಓದಿ ಯೋಳು, ಮೊದಲಿಂದ." ಕ್ಯಾಂಪಸ್ ಇಂಟರ್ವ್ಯೂ ಇದ್ದ ದಿನ ನೀನು ಒಳಗೆ ಹೋಗದೆ ಗಿಂಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಓದುತ್ತಿದ್ದೆ; ಆಫೀಸು ಬಿಟ್ಟು ರೈಲಿಗೆ ಬಂದ ನಾನು ಎಲ್ಲರೆದುರು ಕಿತ್ತುಕೊಂಡೆನಲ್ಲ, ಅದೇ ಪುಸ್ತಕ.

ಅಬ್ಬಾ, ಅದೆಂಥ ಲೋಕವೇ ಅದು! ಒಂಬತ್ತು ವರ್ಷದಿಂದ ಸೂರ್ಯ ಹುಟ್ಟಿಲ್ಲ. ದೀಪದೆಣ್ಣೆ ಕದ್ದವನ ಕೈ ಕಡಿಯುತ್ತಾರೆ. ಬೂದಿಯ ಹೊಳೆ, ಅದರ ಮೇಲೆ ದೋಣಿ, ಆ ದೋಣಿಯವರಿಗೇ ಬೇರೆ ದೇವರು, ಬೇರೆ ತಿಂಗಳು, ಬೇರೆ ಬೈಗುಳ. ಮೊದಲ ಪುಟದ ನಕಾಶೆ ನೋಡಿಯೇ ತಲೆ ತಿರುಗಿತ್ತು; ಈಗ ನಮ್ಮ ಇನ್ಶೂರೆನ್ಸ್ ಆಫೀಸಿನ ಕ್ಯಾಲೆಂಡರಿನ ಬೆನ್ನಿಗೆ ನಾನೇ ಅದನ್ನು ಬರೆದು ಅಡುಗೆಮನೆಯಲ್ಲಿ ಅಂಟಿಸಿಕೊಂಡಿದ್ದೇನೆ. ನಗಬೇಡ. ಇಷ್ಟು ಕತ್ತಲನ್ನು ನನ್ನ ಮಗಳು ಯಾಕೆ ತಲೆಗೆ ತುಂಬಿಕೊಳ್ಳುತ್ತಾಳೆ ಎಂದು ಮೊದಮೊದಲು ಹೆದರಿಕೆಯಾಯಿತು. ನೂರು ಪುಟ ದಾಟಿದ ಮೇಲೆ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಆಫೀಸಿನಲ್ಲೂ ಓದತೊಡಗಿದೆ.

ದಿನಾ ಸಂಜೆ ಕಾಫಿ ಕುಡಿದು ಅಜ್ಜಿಯ ಪಕ್ಕ ಕೂರುತ್ತಿದ್ದೆ; ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುವುದು. ಕೆಂಪು ಕೂದಲಿನ ರಾಣಿಗೆ ಅವರು ಮೊದಲ ದಿನವೇ ಕೆಂಪವ್ವ ಎಂದು ಹೆಸರಿಟ್ಟರು. ಒಂದೇ ಷರತ್ತು: "ಕತೆ ನಿಲ್ಲುಸೋದಾದ್ರೆ ಒಳ್ಳೆ ಜಾಗದಲ್ಲಿ ನಿಲ್ಲುಸ್ಬೇಕು ಕಣವ್ವ, ಸಾವಲ್ಲಿ ನಿಲ್ಲುಸ್ಬಾರ್ದು." ಆ ಪುಸ್ತಕದಲ್ಲಿ ಒಳ್ಳೆ ಜಾಗ ಎಲ್ಲಿಂದ ತರಲಿ? ಎರಡು ಪುಟಕ್ಕೊಂದು ಹೆಣ. ಕೆಂಪವ್ವ ವಿಷ ಕುಡಿದು ಬೀಳುವಲ್ಲಿಗೆ ಬಂದಾಗ ನನಗೆ ನಾಲಿಗೆಯೇ ಹೊರಳಲಿಲ್ಲ. "ಬೇಜಾರಾಗಿ ತವರಿಗೆ ಹೊರಟೋದ್ಲು ಅತ್ತೆ" ಎಂದುಬಿಟ್ಟೆ. ಮಾರನೆಯ ದಿನ ಸೇನಾಪತಿ ತವರಿಗೆ ಹೋದ. ಆಮೇಲೆ ಅವಳಿ ಮಕ್ಕಳು. ಕೊನೆಗೆ ಕುದುರೆಯನ್ನೂ ಕಳಿಸಿದೆ. ಮುಂದಿನ ಅಧ್ಯಾಯಗಳಲ್ಲಿ ಎಲ್ಲರೂ ಇವರಿಗಾಗಿ ಅಳುತ್ತಿದ್ದಾರೆ, ನಾನು ಏನೇನೋ ಸೇರಿಸಿ ತೇಪೆ ಹಾಕುತ್ತಿದ್ದೇನೆ. ಅಲ್ಲಿಂದ ರಾತ್ರಿ ನಿದ್ದೆಯಿಲ್ಲ.

ಮೊನ್ನೆ ಶುಕ್ರವಾರ ಅಜ್ಜಿ ಕೇಳಿದರು, "ಅಲ್ಲ ಕಣವ್ವ, ಎಲ್ರುನೂ ತವರಿಗೆ ಕಳಿಸ್ಬುಟ್ಟೆ, ಇನ್ನು ಯುದ್ಧ ಮಾಡೋರ್ಯಾರು?"

ನನಗೆ ನಗು ಬಂತು. ಅವರು ನಗಲಿಲ್ಲ. "ಕೆಂಪವ್ವ ಸತ್ತೋಯ್ತಾಳೆ ಅಂತ ಪ್ರಣಿ ನಂಗೆ ಆವತ್ತೇ ಯೋಳಿದ್ಲು. ಪುಸ್ತಕದಲ್ಲಿರೋಳ ಸಾವನ್ನೇ ಮುಚ್ಚಿಡ್ತೀಯ ನೀನು. ನಿಜ ಯೋಳು, ನನ್ನ ಮೊಮ್ಮಗಳು ಬದುಕವ್ಳಾ?"

ಅವರ ಕಾಲು ಹಿಡಿದುಕೊಂಡು ಎಲ್ಲ ಹೇಳಿದೆ: ಜಗಳ ಆಯಿತು, ಹೋದಳು, ಅಡ್ಯಾರಿನಲ್ಲಿದ್ದಾಳೆ. ನಂಬಲಿಲ್ಲ. ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವಳ ನಿಜವನ್ನು ಯಾರು ನಂಬುತ್ತಾರೆ? "ಅಂಗಾರೆ ಅವಳ ದನಿ ಕೇಳ್ಸು" ಎಂದರು. ಅಂದಿನಿಂದ ಎರಡು ತುತ್ತು ಗಂಜಿ ಬಿಟ್ಟರೆ ಏನೂ ಇಲ್ಲ. ಕಣ್ಣಿಗೆ ಔಷಧಿ ಬಿಡಲು ಹೋದರೆ ಕೈ ತಳ್ಳುತ್ತಾರೆ. ಕಣ್ಣು ಕೆಂಡದ ಹಾಗೆ ಕೆಂಪಾಗಿದೆ. ಔಷಧಿ ತಪ್ಪಿಸಿದರೆ ಕಣ್ಣಿಗೇ ಅಪಾಯ ಎಂದಿದ್ದಾರೆ ಡಾಕ್ಟರು.

ಅದಕ್ಕೇ ಕೇಳುತ್ತಿದ್ದೇನೆ. ನನಗೆ ಮಾಡಬೇಡ, ಅಜ್ಜಿಯ ಫೋನಿಗೆ ಒಂದು ಸಲ ಮಾಡು. ಇಂಟರ್ವ್ಯೂ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಾನು ಎತ್ತಲು ಬಿಡುವುದಿಲ್ಲ. ಬಟ್ಟೆಯ ಜೊತೆಗೆ ಪುಸ್ತಕವನ್ನೂ ಕಳಿಸುತ್ತಿದ್ದೇನೆ, ಉಳಿದದ್ದನ್ನು ಓದಿಕೋ. ಹೊತ್ತು ಹೊತ್ತಿಗೆ ಊಟ ಮಾಡು, ಬರೀ ಬಿಸ್ಕತ್ತು ತಿಂದು ಮಲಗಬೇಡ. ಎಲ್ಲಿದ್ದರೂ ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ, ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ
ಊರ್ಮಿಳಾ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಜಗಳ ಆಯಿತು ಎಂದು ಅಜ್ಜಿಗೆ ಹೇಳಿದೆ, ನಿನ್ನ ಅಪ್ಪನಿಗೂ ಅಷ್ಟೇ ಹೇಳಿದ್ದೇನೆ. ಆ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ನಾನು "ಎಲ್ಲಾದ್ರೂ ಹೋಗಿ ಸಾಯಿ" ಅಂದದ್ದು ನಿನಗೆ ಮತ್ತು ನನಗೆ ಮಾತ್ರ ಗೊತ್ತು. ನಮ್ಮಮ್ಮ ನನಗೆ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ ಮಾತು ಅದು. ನಾವು ಮಕ್ಕಳು ಆಟ ಆಡುತ್ತಲೇ ಇದ್ದೆವು, ಊಟಕ್ಕೆ ಬರುತ್ತಲೂ ಇದ್ದೆವು. ನೀನು ಹೋಗಿ ಬರ್ತೀನಿ ಅನ್ನಲಿಲ್ಲ. "ಸರಿಮ್ಮಾ, ಪೋರೇನ್", ಹೋಗ್ತೀನಿ ಎಂದಷ್ಟೇ ತಮಿಳಿನಲ್ಲಿ ಹೇಳಿ ಇಳಿದು ಹೋದೆ. ಮುಸ್ಸಂಜೆಯಲ್ಲಿ ಆಡಿದ ಮಾತಿಗೆ ಅಶ್ವಿನಿ ದೇವತೆಗಳು ಅಸ್ತು ಎನ್ನುತ್ತಾರಂತೆ. ಅವತ್ತಿನಿಂದ ಆ ಶಬ್ದ ಬರೆಯಲು ಬರುತ್ತದೆ, ಬಾಯಲ್ಲಿ ಬರುವುದಿಲ್ಲ. ಪುಸ್ತಕದ ಕುದುರೆ ಸತ್ತಾಗಲೂ ಬರಲಿಲ್ಲ. ತೇಜು ಹೇಳುವುದನ್ನು ನಾನೂ ನಂಬಿಲ್ಲ ಪ್ರಣಿ. ಅಜ್ಜಿಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿಸು. ನಾನು ಬಾಗಿಲ ಹಿಂದೆ ನಿಂತಿರುತ್ತೇನೆ, ಉಸಿರೆತ್ತುವುದಿಲ್ಲ.